ಕೆಮ್ಮಿದವರಿಗೆ ಪ್ರವೇಶವಿಲ್ಲ

ಆಸ್ಪತ್ರೆಯ ಗೇಟಿನ ಪಕ್ಕ ಗೋಡೆಗೆ ಹೊಡೆದ ಬೋರ್ಡಿನಲ್ಲಿ ಏಳು ಸೂಚನೆಗಳಿದ್ದವು. ಭೇಟಿ ನಾಲ್ಕರಿಂದ ಐದು. ಒಬ್ಬ ರೋಗಿಗೆ ಒಂದೇ ಪಾಸು. ಹೊರಗಿನಿಂದ ಏನನ್ನೂ ಒಳಗೆ ಒಯ್ಯುವಂತಿಲ್ಲ. ಐದನೆಯದು ಮಾತ್ರ ಕೆಂಪಕ್ಷರದಲ್ಲಿತ್ತು: ಕೆಮ್ಮು, ನೆಗಡಿ ಇದ್ದವರಿಗೆ ಪ್ರವೇಶವಿಲ್ಲ.

ಬೋರ್ಡಿನ ಮುಂದೆ ನಿಂತಿದ್ದ ಅವಳು ಹಾಸಿಗೆ ಹೊಲಿಯುವ ಅಂಗಡಿಯಲ್ಲಿ ಹತ್ತಿ ಬಿಡಿಸುವವಳು. ಹನ್ನೊಂದು ವರ್ಷದ ಧೂಳು ಎದೆಯಲ್ಲಿ ಮನೆ ಮಾಡಿಕೊಂಡಿತ್ತು. ಯಾರಿಗೂ ಅಂಟುವ ಕೆಮ್ಮಲ್ಲ ಅದು, ಅವಳನ್ನು ಬಿಟ್ಟು ಹೋಗುವ ಕೆಮ್ಮೂ ಅಲ್ಲ.

ಮರುದಿನ ಬೆಳಿಗ್ಗೆ ಅಪ್ಪನ ಗಂಟಲಿನ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ, ಆಮೇಲೆ ಮಾತಿಲ್ಲ. ಅಷ್ಟರೊಳಗೆ ಅವಳಿಗೆ ಅಪ್ಪನ ಬಾಯಿಂದ ಒಂದು ಮಾತು ವಾಪಸ್ ಬೇಕಿತ್ತು. ಆರು ವರ್ಷದ ಹಿಂದೆ, ಅಮ್ಮನ ಹೆಣ ಇನ್ನೂ ಮನೆಯಲ್ಲಿರುವಾಗಲೇ, ನೆಂಟರಿಷ್ಟರ ಮುಂದೆ ಅಪ್ಪ ಅವಳನ್ನು 'ತಾಯಿನ ತಿಂದವಳು' ಅಂದಿದ್ದ. ಉಸಿರು ಕಟ್ಟುವ ಕಾಯಿಲೆಯ ಅಮ್ಮನ ಹತ್ತಿರ ಆವತ್ತು ಕೂತಿರಬೇಕಾದ ಸರದಿ ಅಣ್ಣನದು. ಅವನು ಬಾಗಿಲು ಎಳೆದುಕೊಂಡು ಇಸ್ಪೀಟಿಗೆ ಹೋಗಿದ್ದ. ವಾಪಸ್ ಬಂದಾಗ ಅಮ್ಮನ ಉಸಿರು ನಿಂತಿತ್ತು; ಸರದಿಯನ್ನು ತಂಗಿಯ ತಲೆಗೆ ಕಟ್ಟಿದ್ದ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಈ ಮಾತು ಎಲ್ಲಿಗೂ ಹೋಗಿರಲಿಲ್ಲ. ಬೀದಿಯಲ್ಲಿ ಅವಳ ಬೆನ್ನ ಹಿಂದೆ ಇನ್ನೂ ಓಡಾಡಿಕೊಂಡಿತ್ತು.

ಅಣ್ಣ ಪಾಸನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಗೇಟಿನಲ್ಲೇ ನಿಂತಿದ್ದ. ಗಂಟೆ ನಾಲ್ಕೂವರೆ.

"ಪಾಸು ಕೊಡು," ಅಂದಳು.

"ಆರು ವರ್ಷ ಎಲ್ಲಿ ಸತ್ತಿದ್ದೆ?"

"ನೀನು ಹೂತಿಟ್ಟ ಕಡೆ."

ಅಣ್ಣ ಕಾವಲುಗಾರನ ಕಡೆ ತಿರುಗಿದ. "ಯಜಮಾನ್ರೇ, ಇವಳಿಗೆ ಕೆಮ್ಮು. ಎಂಥಾ ಕೆಮ್ಮೋ ಏನೋ. ನಾಳೆ ನಮ್ಮಪ್ಪಂಗೆ ಹೆಚ್ಚುಕಮ್ಮಿ ಆದ್ರೆ ನೀವೇ ಹೊಣೆ."

ಹಿಂದಿನ ದಿನ ಫ್ಲಾಸ್ಕು ತಡೆದದ್ದಕ್ಕೆ ಇದೇ ಅಣ್ಣ 'ಬಾಗಿಲು ಕಾಯೋನಿಗೆ ಎಷ್ಟು ಪೊಗರು' ಅಂದಿದ್ದ. ಮುದುಕ ಕಾವಲುಗಾರ ಅದನ್ನು ಮರೆತಿರಲಿಲ್ಲ.

"ಇಲ್ಲಿ ರೂಲ್ಸ್ ಹೇಳೋನು ನಾನು. ಪಾಸು ಈ ಮೇಜಿನ ಮೇಲಿಡು," ಅಂದ. ಅಣ್ಣ ಇಟ್ಟ. "ನೋಡಮ್ಮ, ಯಾವ ಮಹಡಿ, ಯಾವ ವಾರ್ಡು, ಯಾವ ಮಂಚ, ಏನು ಕಾಯಿಲೆ, ನಿಂಗೇನಾಗ್ಬೇಕು, ಎಲ್ಲಾ ಒಂದೇ ಉಸಿರಲ್ಲಿ ಹೇಳು. ಮಧ್ಯ ಕೆಮ್ಮಿದ್ರೆ ಮನೆ ದಾರಿ ಹಿಡಿ."

ಬೋರ್ಡಿನಲ್ಲಿಲ್ಲದ ಈ ಪರೀಕ್ಷೆ ಅವನ ಸ್ವಂತದ್ದು. ಡಾಕ್ಟರ ಸ್ಟೆತಸ್ಕೋಪಿಗಿಂತ ಅವನಿಗೆ ಇದರ ಮೇಲೇ ನಂಬಿಕೆ.

ಅವಳು ಉಸಿರೆಳೆದುಕೊಂಡಳು. "ಮೂರನೇ ಮಹಡಿ ಗಂಟಲು ವಾರ್ಡು ಹದಿನಾಲ್ಕನೇ ಮಂಚ..."

ಅಣ್ಣ ಅವಳ ಕಿವಿಯ ಹತ್ತಿರ ಬಂದು ಬೇಕಂತಲೇ ಖೊಕ್ ಖೊಕ್ ಎಂದು ಕೆಮ್ಮಿದ. ಆಕಳಿಕೆಯಂತೆ ಕೆಮ್ಮೂ ಕೆಮ್ಮನ್ನು ಕರೆಯುತ್ತದೆ ಅಂತ ಅವನಿಗೆ ಗೊತ್ತಿತ್ತು. ಅವಳ ಕಣ್ಣಲ್ಲಿ ನೀರು ತುಂಬಿತು.

"...ಗಂಟಲ ಗೆಡ್ಡೆ ನಾಳೆ ಆಪರೇಷನ್ನು ನಾನು ಮಗಳು."

ಕಾವಲುಗಾರ ಪಾಸನ್ನು ಅವಳ ಕಡೆ ತಳ್ಳಿದ. ಆಮೇಲೆ ಅಣ್ಣನಿಗೆ ಕೆಂಪಕ್ಷರ ತೋರಿಸಿದ. "ಕೆಮ್ಮಿದ್ದು ನೀನು. ಇವತ್ತು ನಿಂಗೆ ಒಳಗೆ ಜಾಗ ಇಲ್ಲ."

ಎರಡನೇ ಮಹಡಿಯ ತಿರುವಿನಲ್ಲಿ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು, ತಡೆದಿಟ್ಟದ್ದನ್ನೆಲ್ಲ ಕೆಮ್ಮಿದಳು.

ಅಪ್ಪ ದಿಂಬಿಗೊರಗಿ ಕೂತಿದ್ದ. ಪಕ್ಕದ ಮೇಜಿನ ಮೇಲೆ ನರ್ಸ್ ನಾಳೆಯಿಂದ ಬರೆದು ಹೇಳಲೆಂದು ಇಟ್ಟಿದ್ದ ಹೊಸ ಸ್ಲೇಟು, ಒಂದೇ ಒಂದು ಬಳಪ.

"ಯಾಕೆ ಬಂದೆ?" ದನಿ ಗರಗಸ ಎಳೆದಂತಿತ್ತು.

"ಆಡಿದ ಮಾತು ವಾಪಸ್ ತಗೋ. ಆವತ್ತು ಸರದಿ ನಂದಲ್ಲ, ಅಣ್ಣಂದು."

"ಗೊತ್ತು."

ಅವಳು ಮಂಚದ ಕಂಬಿ ಹಿಡಿದಳು. "ಯಾವಾಗಿಂದ?"

"ಆ ವಾರವೇ. ಜೊತೇಲಿ ಇಸ್ಪೀಟಾಡಿದೋನು ಬಂದು ಹೇಳಿದ."

"ಗೊತ್ತಿದ್ದೂ ಸುಮ್ನಿದ್ದೆ."

"ನಾಳೆಯಿಂದ ನಂಗೆ ಕೊಳವೇಲಿ ಗಂಜಿ ಹುಯ್ಯೋನು ಅವನು. ಅವನ ಮುಖಕ್ಕೆ ಮಸಿ ಬಳಿದು ನಾನೆಲ್ಲಿ ಸಾಯ್ಲಿ? ನಿನ್ನ ಹತ್ತಿ ಅಂಗಡೀಲಾ?"

"ಆ ವಾರ ನಿಂಗೆ ಈ ಕಾಯಿಲೆ ಇರ್ಲಿಲ್ಲ."

ಅಪ್ಪ ಗೋಡೆ ನೋಡಿದ.

"ಊರಿಗೆಲ್ಲ ಹೇಳ್ಬೇಡ. ನಂಗೊಬ್ಬಳಿಗೇ ಹೇಳು. 'ನೀನು ತಿಂದಿಲ್ಲ' ಅನ್ನು. ಎರಡೇ ಪದ."

ಅಪ್ಪನ ತುಟಿ ಅಲುಗಿತು. ಅದೇ ಹೊತ್ತಿಗೆ ಅವಳ ಎದೆ ಕೈಕೊಟ್ಟಿತು. ಕಂಬಿಯ ಮೇಲೆ ಬಾಗಿ ಕೆಮ್ಮಿದಳು, ಕೆಮ್ಮಿ ಕೆಮ್ಮಿ ಮುಖ ಎತ್ತುವಾಗ ಅಪ್ಪನ ಬೆರಳು ನರ್ಸನ್ನು ಕರೆಯುವ ಗಂಟೆಯ ಗುಂಡಿಯ ಮೇಲಿತ್ತು. ಮುಖದಲ್ಲಿ ದಾರಿ ಸಿಕ್ಕಿದವನ ನಿರಾಳ.

"ಕೆಮ್ಮೋರು ಒಳಗೆ ಬರೋ ಹಾಗಿಲ್ಲ," ಅಂದ. "ಹೊರಗೆ ಬರೆದಿದಾರೆ."

ಅವನು ಅವಳಿಗೆ ಆಡಿದ ಕೊನೆಯ ಮಾತು ಅದು. ನರ್ಸಿನ ಚಪ್ಪಲಿ ಸದ್ದು ಹತ್ತಿರವಾಗುವಷ್ಟರಲ್ಲಿ ಅವಳು ಮೇಜಿನ ಮೇಲಿನ ಬಳಪ ತೆಗೆದುಕೊಂಡು ಹೊರಟಳು. ಅಪ್ಪ ನೋಡಿದ.

ಕೆಳಗೆ ಅಣ್ಣ ಓಡಿ ಬಂದ. "ಏನಂದ?"

"ಗೊತ್ತು ಅಂದ."

ಅಣ್ಣ ಅವಳ ದಾರಿಗೆ ಅಡ್ಡ ನಿಂತ. "ಏನು ಗೊತ್ತು?"

"ಬರೆಸಿ ಕೇಳ್ಕೋ. ಹೇಗೂ ದಿನಾ ಗಂಜಿ ಹುಯ್ಯೋನು ನೀನೇ."

ಪಾಸು ವಾಪಸ್ ತೆಗೆದುಕೊಳ್ಳುತ್ತ ಕಾವಲುಗಾರ ಅವಳ ಮುಷ್ಟಿ ನೋಡಿದ. "ಕೈಯಲ್ಲೇನಮ್ಮ?"

"ಒಳಗಿಂದ ತಂದದ್ದು."

ಮುದುಕ ಅಭ್ಯಾಸಬಲದಿಂದ ಬೋರ್ಡಿನ ಕಡೆ ತಿರುಗಿ ಏಳೂ ಸೂಚನೆಗಳ ಮೇಲೆ ಕಣ್ಣಾಡಿಸಿದ. ಒಳಗಿನಿಂದ ಹೊರಗೆ ಒಯ್ಯುವುದರ ಬಗ್ಗೆ ಅಲ್ಲಿ ಏನೂ ಬರೆದಿರಲಿಲ್ಲ. ಗೇಟು ತೆರೆದ.