ಹೆದೆ ಏರಿಸಿಟ್ಟ ಬಿಲ್ಲು

ಮೊದಲನೆಯ ಬಿಲ್ಲು ಹೆದೆ ಕಟ್ಟುವ ಮುಂಚೆಯೇ ಮುರಿಯಿತು. ಎರಡನೆಯದು ಕಟ್ಟಿದ ಮೇಲೆ, ನನ್ನ ಮೂಗಿನ ಮುಂದೆಯೇ, ಲಟಕ್ಕನೆ ಮುರಿಯಿತು. ತುಂಡುಗಳನ್ನು ಅಂಗಳದಾಚೆ ಬೀಸಿ ಒಗೆದೆ. ಎಮ್ಮೆ ಬೆದರಿ ಹಗ್ಗ ಹರಿದುಕೊಂಡಿತು. ಅದನ್ನು ಹಿಡಿದು ತಂದು ಕಟ್ಟುವ ಕೆಲಸವೂ ನನ್ನದೇ ಆಯಿತು.

ಬಿಲ್ಲು ಯಾಕೆ ಬೇಕಿತ್ತೆಂದರೆ, ದಸರೆಯ ಮರುದಿನ ಬಾಗೇವಾಡಿಯಲ್ಲಿ ಹೆಂಗಸರ ಬಿಲ್ಲುಗಾರಿಕೆ ಸ್ಪರ್ಧೆಯಿತ್ತು. ಮರದ ಬಿಲ್ಲೇ ಆಗಬೇಕು, ಅವರವರದು ಅವರೇ ತರಬೇಕು. ಕಾಲೇಜಿನಲ್ಲಿದ್ದಾಗ ನಾನು ಗುರಿ ಇಟ್ಟರೆ ತಪ್ಪುತ್ತಿರಲಿಲ್ಲ. ಆ ಬಿಲ್ಲು ಕಾಲೇಜಿನದು, ಅಲ್ಲೇ ಉಳಿಯಿತು. ನಾನು ಮದುವೆಯಾಗಿ ಮುಳವಾಡಕ್ಕೆ ಬಂದು ಊರವರ ಕುಪ್ಪಸ ಹೊಲಿಯುತ್ತ ಕೂತೆ. ನನ್ನ ಕೈ ಇನ್ನೂ ಅದೇ ಕೈಯೋ ಅಲ್ಲವೋ, ಒಂದೇ ಒಂದು ಸಲ ನೋಡಬೇಕಿತ್ತು.

ಮನೆಯಲ್ಲಿ ಒಳ್ಳೆಯ ಹಲಗೆ ಇರಲಿಲ್ಲವೆಂದಲ್ಲ. ಅತ್ತೆ ಶೇವಂತೆವ್ವನವರ ತವರು ಹಳೇ ಕೊಲ್ಹಾರ. ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮುಂಚೆ ಅಪ್ಪನ ಮನೆಯ ಬಾಗಿಲಿನ ಸಾಗವಾನಿ ಹಲಗೆಯೊಂದನ್ನು ಕಿತ್ತು ತಂದು ಅಟ್ಟದ ಮೇಲೆ ಇಟ್ಟಿದ್ದರು. ಮರದ ಎಳೆ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಓಡಿತ್ತು, ಒಂದು ಗಂಟಿಲ್ಲ. ಬಾಯಿಬಿಟ್ಟು ಕೇಳಿದೆ.

"ನೀರಿಗೆ ಕೊಡದ್ದನ್ನ ನಿನಗ ಕೊಡ್ಲೇನು?" ಅಂದರು. ಅಲ್ಲಿಗೆ ಮುಗಿಯಿತು.

ನಿಡಗುಂದಿಗೆ ಹೋಗಿ ಕಟ್ಟಿಗೆ ಅಡ್ಡೆಯ ಮೈಬೂಬನ ಹಲಗೆಗಳನ್ನೆಲ್ಲ ಕೆಳಮೇಲು ಮಾಡಿದೆ. ಹೆಣ್ಣು ನೋಡಲು ಬಂದವರೂ ಇಷ್ಟು ನೋಡುವುದಿಲ್ಲ ಎಂದು ಅವನು ಗೊಣಗಿದ. ಕೊನೆಗೆ ಸಿಕ್ಕಿದ್ದೊಂದು ಜಾಲಿ ಹಲಗೆ. ಸೀಳಿಸಿ ತಂದು, ರಂದಾ ಹೊಡೆದು, ಅರದಿಂದ ಉಜ್ಜಿದೆ. ಒಂದು ತೋಳು ಬಗ್ಗಿದರೆ ಇನ್ನೊಂದು ಸೆಟೆಯುತ್ತಿತ್ತು. ಸೆಟೆದದ್ದನ್ನು ಕೆರೆದರೆ ಬಗ್ಗಿದ್ದು ಸೆಟೆಯುತ್ತಿತ್ತು. ತಲೆ ಕೆಟ್ಟುಹೋಯಿತು. ಗಂಡ ಕಾಂತು ಟ್ರ್ಯಾಕ್ಟರಿನಿಂದ ಇಳಿದು ಬಂದವನೇ, ಒಲೆಗೆ ಒಳ್ಳೇ ಹೊಟ್ಟು ಬೀಳುತ್ತಿದೆ ಎಂದ. ಅವತ್ತು ಅವನಿಗೆ ತಂಗಳ ರೊಟ್ಟಿ ಹಾಕಿದೆ.

ನವಮಿಯ ಹಿಂದಿನ ದಿನ ಎರಡೂ ತೋಳು ಸಮನಾಗಿ ಬಗ್ಗಿದವು. ಬಾಣ ಹೋಗಿ ಹೊಲದಾಚೆಯ ಬದುವಿಗೆ ನಾಟಿತು. ಕುಣಿಯಬೇಕೆನಿಸಿತು. ಹೆದೆ ಇಳಿಸಿ ಬಿಲ್ಲನ್ನು ಗೂಟಕ್ಕೆ ಹಾಕಿದೆ. ಬಳಸದಾಗ ಹೆದೆ ಇಳಿಸಿಡಬೇಕು. ಏರಿಸಿಯೇ ಬಿಟ್ಟರೆ ಹಲಗೆ ಬಗ್ಗಿದ್ದು ಬಗ್ಗಿದಂತೆಯೇ ಉಳಿದು ಕಸುವು ಕಳೆದುಕೊಳ್ಳುತ್ತದೆ. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಯಾರು ಕೇಳಿದ್ದರು?

ನವಮಿಯ ದಿನ ಹೊಲಿದ ಕುಪ್ಪಸಗಳನ್ನು ಮುಟ್ಟಿಸಿ ಬರುವಷ್ಟರಲ್ಲಿ ಆಯುಧಗಳ ಖಂಡೇಪೂಜೆ ಮುಗಿದಿತ್ತು. ದೇವರ ಜಗಲಿಯ ಮುಂದೆ ಕುಡಗೋಲು, ಸಲಿಕೆ, ಟ್ರ್ಯಾಕ್ಟರಿನ ಕೀಲಿ. ನಟ್ಟನಡುವೆ ನನ್ನ ಬಿಲ್ಲು. ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಹೆದೆ ಏರಿತ್ತು.

ಯಾರು ಏರಿಸಿದ್ದು ಎಂದೆ. ಕಾಂತು ಹೆಮ್ಮೆಯಿಂದ ತನ್ನ ತೋಳು ತೋರಿಸಿದ. ಅವ್ವನೇ ಹೇಳಿದಳಂತೆ: ಕುಡಗೋಲನ್ನು ಮಸೆದು ಪೂಜೆಗಿಡುತ್ತೇವೆ, ಬಿಲ್ಲನ್ನು ಹೆದೆಯಿಲ್ಲದೆ ಇಡುವುದೇ? ಪೂಜೆಗಿಟ್ಟದ್ದನ್ನು ದಶಮಿಯ ಸಂಜೆ ಬನ್ನಿಗೆ ಹೋಗುವವರೆಗೆ ಯಾರೂ ಮುಟ್ಟುವಂತಿಲ್ಲ. ಹೇಗಾದರೂ ಹೆದೆ ಇಳಿಸು ಎಂದು ಗೋಗರೆದರೆ, ಅವ್ವಗೆ ನೀನೇ ಹೇಳು ಎಂದು ಹೊರಬಿದ್ದ, ಪುಕ್ಕಲ.

ಹೇಳಿಯೇ ಬಿಡೋಣವೆಂದು ಅಡುಗೆಮನೆಗೆ ನುಗ್ಗಿದೆ. ಅತ್ತೆ ಹೋಳಿಗೆ ಲಟ್ಟಿಸುತ್ತಿದ್ದರು. ತಲೆಯೆತ್ತದೆ ಅಂದರು, "ಪ್ರತಿ ವರ್ಸ ನಿನ್ನ ಮಿಷನ್ನಿಗೆ ಮೂಲ್ಯಾಗ ಒಂದ ಬೊಟ್ಟ ಕುಂಕುಮ ಹಚ್ಚಿ ಕೈ ತೊಳಕೊಂತಿದ್ದೆ. ಈ ಸಲ ನಿಂದನ್ನ ನಡುವ ಇಟ್ಟೇನಿ. ನೋಡಿದಿಲ್ಲ?"

ನೋಡಿದೆ ಎಂದೆ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಹಲ್ಲು ಕಚ್ಚಿಕೊಂಡು ಹೊರಗೆ ಬಂದೆ.

ಮರುದಿನವೆಲ್ಲ ಬಿಲ್ಲಿನ ಮುಂದೆ ಹಾಯ್ದಾಡಿದೆ. ಮನೆಗೆ ಬಂದವರು ಅದಕ್ಕೆ ಕೈಮುಗಿಯುತ್ತಿದ್ದರು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಂಜೆ ಹೆದೆ ಇಳಿಸಿದರೆ ಬಿಲ್ಲು ಎಮ್ಮೆಯ ಕೋಡಿನ ಹಾಗೆ ಬಗ್ಗಿಯೇ ಉಳಿಯಿತು.

ಬಾಗೇವಾಡಿಯಲ್ಲಿ ನನ್ನ ಗುರಿ ಸರಿಯಿತ್ತು, ಕೈ ಇನ್ನೂ ಅದೇ ಕೈ. ಬಾಣ ಮಾತ್ರ ನಡುದಾರಿಯಲ್ಲೇ ಹುಲ್ಲಿಗೆ ಬಿತ್ತು. ಮುಂದಿನದೂ ಅಷ್ಟೇ, ಅದರ ಮುಂದಿನದೂ ಅಷ್ಟೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಸ್ಸಿನಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತ ಬಂದೆ.

ಮನೆಗೆ ಬಂದವಳೇ ಬಿಲ್ಲನ್ನು ಒಲೆಯ ಮುಂದೆ ಒಗೆದೆ. "ಸುಟ್ಟಬಿಡ್ರಿ ಇದನ್ನ. ಹೆದಿ ಏರಿಸಿ ಇಟ್ರಲ್ಲ, ಅವತ್ತೇ ಸತ್ತೈತಿ."

ಅತ್ತೆ ಬಿಲ್ಲನ್ನೂ ನನ್ನನ್ನೂ ನೋಡಿದರು. ಅವತ್ತು ಅವರು ಉಣ್ಣಲಿಲ್ಲ.

ಬೆಳಿಗ್ಗೆ ಗರಗಸದ ಸದ್ದಿಗೆ ಎಚ್ಚರವಾಯಿತು. ಅಂಗಳದಲ್ಲಿ ಅತ್ತೆ ಕೊಲ್ಹಾರದ ಹಲಗೆಯನ್ನು ಹಾಕಿಕೊಂಡು, ಮೊಣಕಾಲಿನಿಂದ ಒತ್ತಿ ಹಿಡಿದು ಕೊಯ್ಯುತ್ತಿದ್ದರು. ಅದೂ ಅಡ್ಡಕ್ಕೆ. ಎಳೆ ನೆಟ್ಟಗೆ ಓಡಿದ ಆ ಹಲಗೆಯನ್ನು ಸರಿಯಾಗಿ ನಡುವಿನಲ್ಲಿ.

"ಅತ್ತಿ, ಬಿಡ್ರಿ! ಅಡ್ಡ ಅಲ್ರಿ, ಉದ್ದಕ ಕೊಯ್ಯಬೇಕು," ಎಂದು ಒದರಿದೆ. ಇಡೀ ಓಣಿಗೆ ಕೇಳಿರಬೇಕು.

ಅತ್ತೆ ಗರಗಸ ನಿಲ್ಲಿಸಿ ನನ್ನ ಮುಖ ನೋಡಿದರು. "ನವಮಿ ದಿನಾ ಹಿಂಗ ಒದರಾಕ ಏನಾಗಿತ್ತು ನಿನಗ?"

ಪಕ್ಕದಲ್ಲಿ ಕೂತು, ಗರಗಸ ಎಷ್ಟು ಒಳಗೆ ಹೋಗಿದೆಯೆಂದು ಬೆರಳಿಟ್ಟು ನೋಡಿದೆ. ಕೊಯ್ದ ಆ ಅಂಚು ಬಿಟ್ಟರೂ ಉಳಿದ ಅಗಲ ಒಂದು ಬಿಲ್ಲಿಗೆ ಸಾಲುವಷ್ಟಿತ್ತು. ಹಲಗೆಯನ್ನು ಉದ್ದಕ್ಕೆ ತಿರುಗಿಸಿ, ಇನ್ನೊಂದು ತುದಿಯನ್ನು ನಾನು ಒತ್ತಿ ಹಿಡಿದೆ.