ಅಕ್ಕನ ಬಬಾಯಿ ಗುಂಡಿ

ಗಂಡ ಸತ್ತ ವರ್ಷ ನನ್ನ ಅಕ್ಕ ಮಾರೆಟಾ ಅಬೆಮಾಮಾ ದ್ವೀಪದಿಂದ ಹಡಗು ಹತ್ತಿ ತರಾವಾ ದ್ವೀಪದ ನಮ್ಮ ಮನೆಗೆ ಬಂದಳು. ಅಪ್ಪ ಬಿಟ್ಟುಹೋದ ನೆಲ ಇಪ್ಪತ್ತೆರಡು ಹೆಜ್ಜೆ ಅಗಲ. ಈ ತುದಿಗೆ ಹೊರಗಡಲು, ಆ ತುದಿಗೆ ದ್ವೀಪ ಬಳಸಿಕೊಂಡ ಒಳಗಡಲು. ಅಷ್ಟರಲ್ಲೇ ನಾವು ಮೂವತ್ತೊಂದು ಜನ. ನಮ್ಮಲ್ಲಿ ನೆಂಟರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎನ್ನುವಂತಿಲ್ಲ. ಅಂದವನು ಊರಿಗೆ ಮುಖ ತೋರಿಸಲಾರ. ಅಕ್ಕ ಚಾಪೆ ಹಾಸುವಷ್ಟು ಜಾಗ ಬಿಟ್ಟು ಬೇರೇನೂ ಕೇಳಲಿಲ್ಲ.

ನೆಲದ ನಡುವೆ ತಾತ ತೋಡಿದ ಗುಂಡಿಯಿತ್ತು. ಬಬಾಯಿ ಎನ್ನುವ ನಮ್ಮ ದೊಡ್ಡ ಕೆಸು ಬೆಳೆಯುವುದು ಸಿಹಿನೀರು ಕಾಣುವವರೆಗೆ ತೋಡಿದ ಇಂಥ ಗುಂಡಿಯಲ್ಲೇ. ನನ್ನ ಕಾಲಕ್ಕೆ ಅದು ತಿಪ್ಪೆಯಾಗಿತ್ತು. ಅಕ್ಕ ಅದಕ್ಕಿಳಿದು ನಾಲ್ಕು ತಿಂಗಳು ತಗಡಿನ ಡಬ್ಬ, ಹರಿದ ಬಲೆ, ಮಕ್ಕಳ ಡೈಪರು ಎತ್ತಿ ಹಾಕಿದಳು. ಅಬೆಮಾಮಾದಿಂದ ತಂದು ಬಕೆಟ್ಟಿನಲ್ಲಿ ಬದುಕಿಸಿಕೊಂಡಿದ್ದ ಹದಿನಾಲ್ಕು ಸಸಿ ನೆಟ್ಟು, ಒಂದೊಂದರ ಸುತ್ತಲೂ ಕೇದಗೆ ಗರಿಯ ಬುಟ್ಟಿ ಹೆಣೆದು ಗೊಬ್ಬರಕ್ಕೆ ತರಗೆಲೆ ತುಂಬಿದಳು.

ಪಕ್ಕದ ಮನೆಯ ಕೌರಾಬಿ ಬೇಲಿಯಾಚೆಯಿಂದ ನನ್ನನ್ನು ಕೆಣಕುತ್ತಿದ್ದ. "ಏನಯ್ಯಾ ಬಿರಿಬೊ, ಗಂಡಸರ ಕೆಲಸ ಅಕ್ಕನ ಕೈಲಿ ಮಾಡಿಸ್ತಿದ್ದೀಯ? ನಾಳೆ ಮೀನಿಗೂ ಅವಳನ್ನೇ ಕಳಿಸ್ತೀಯೇನೋ."

"ಅವನು ಹಿಡಿಯೋ ಮೀನಿಗೆ ನಾನ್ಯಾಕೆ, ಬೆಕ್ಕು ಸಾಕು," ಎಂದು ಗುಂಡಿಯೊಳಗಿಂದ ಅಕ್ಕನ ದನಿ ಬರುತ್ತಿತ್ತು.

ಮೂರನೆಯ ವರ್ಷ ಎಲೆಗಳು ಅವಳ ತಲೆಗಿಂತ ಎತ್ತರ ಹೋದವು. ಆ ವರ್ಷವೇ ನನ್ನ ಮಗಳು ಅಕೆನೆಟೆಗೆ ಮದುವೆಯಾಯಿತು. ಅಳಿಯನ ಮನೆಯಲ್ಲಿ ನಮಗಿಂತ ಹೆಚ್ಚು ಜನ, ಮಗಳು ಬಸುರಿ. ಒಂದು ಕೋಣೆ ಕಟ್ಟಲು ಉಳಿದಿದ್ದ ಜಾಗ ಆ ಗುಂಡಿಯೊಂದೇ.

ಅಕ್ಕನಿಗೆ ಹೇಳಿದರೆ ಅವಳು "ಗುಂಡಿ ನನಗೆ ಬಿಡು" ಎಂದು ಕೇಳಿಬಿಡುತ್ತಾಳೆ, ಕೇಳಿದರೆ ನನ್ನ ಬಾಯಿ ಕಟ್ಟಿತು ಎಂದುಕೊಂಡೆ. ಅದಕ್ಕೇ ಅವಳಿಗೆ ಸಿಕ್ಕದ ಹಾಗೆ ಎರಡು ದಿನ ಭಾವಮೈದುನನ ಮನೆಯಲ್ಲಿ ಉಳಿದೆ. ಭಾನುವಾರ ಅವಳು ಪೂಜೆಗೆಂದು ಚರ್ಚಿಗೆ ಹೋದಾಗ ಎರಡು ಲಾರಿ ಮರಳು ಸುರಿಸಿದೆ. ಅಷ್ಟಗಲದ ಎಲೆಗಳು ಒಂದೊಂದಾಗಿ ಮಡಿಸಿಕೊಂಡು ಒಳಗೆ ಹೋದವು.

ಅಕ್ಕ ಬಂದು ಮರಳಿನ ಅಂಚಿನಲ್ಲಿ ನಿಂತಳು. ಬೈಯುತ್ತಾಳೆ ಎಂದುಕೊಂಡೆ.

"ಯಾಕೋ ಹೇಳ್ಲಿಲ್ಲ?"

"ನೀನು ಬೇಡ ಅಂತಿದ್ದೆ."

"ಹುಡುಗಿ ಬಸುರಿ, ಅವಳು ಮಲಗೋದು ಬೇಡ ಅಂತೀನಾ? ಒಂದು ದಿನ ಮುಂಚೆ ಹೇಳಿದ್ರೆ ಸಾಕಿತ್ತು ಕಣೋ. ಗಿಡ ಕಿತ್ಕೋತಿದ್ದೆ."

ಕೋಣೆ ಎದ್ದಿತು, ಅದರಲ್ಲೇ ಮಗು ಹುಟ್ಟಿತು. ಮಗುವಿಗೆ ಮೊದಲ ಸ್ನಾನ ಮಾಡಿಸಿದವಳು ಅಕ್ಕನೇ. ಮುಂದಿನ ಹಡಗಿಗೆ ಅವಳು ಅಬೆಮಾಮಾಕ್ಕೆ, ಗಂಡನ ಕಡೆಯವರ ಹತ್ತಿರ, ಹೊರಟುಹೋದಳು. ಅಲ್ಲಿ ಅವಳದೆನ್ನುವ ಹಿಡಿ ನೆಲವೂ ಇರಲಿಲ್ಲ.

ಮಾರನೆಯ ವರ್ಷ ನಾನು ಅಲ್ಲಿಗೆ ಹೋದೆ. ಅಕ್ಕನ ಮೈದುನನ ಗುಂಡಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಅವಳು ಗಿಡದ ಸುತ್ತಣ ಬುಟ್ಟಿಗೆ ತರಗೆಲೆ ತುಂಬುತ್ತಿದ್ದಳು. ದಡದಲ್ಲಿ ಕುಳಿತೆ.

"ತಪ್ಪಾಯ್ತಕ್ಕ."

ಅವಳು ಮುಂದಿದ್ದ ಬುಟ್ಟಿ ತುಂಬಿ ಮುಗಿಸಿದಳು. "ಮಗು ನಡೀತಾನಾ?"

"ನಡೀತಾನೆ. ನಾಲ್ಕು ಹೆಜ್ಜೆ ಹಾಕಿದ್ರೆ ಯಾರದ್ದಾದ್ರೂ ಕಾಲು ತುಳೀತಾನೆ."

ಅಕ್ಕ ನಕ್ಕಳು. ಆ ಧೈರ್ಯದ ಮೇಲೆ, "ವಾಪಸ್ ಬಂದುಬಿಡು," ಎಂದೆ.

"ಬಂದ್ರೆ ಎಲ್ಲಿ ಮಲಗಿಸ್ತೀಯ?"

ಕೋಣೆಗೆ ಆಗಲೇ ಅಳಿಯನ ಇಬ್ಬರು ತಂಗಿಯರು ಬಂದು ಸೇರಿದ್ದರು. ಅಕ್ಕ ಗುಂಡಿಯಿಂದ ಮೇಲೆ ಬಂದು, ಬೇಯಿಸಿದ ಬಬಾಯಿಗೆ ತೆಂಗಿನ ಹಾಲು ಹಾಕಿ ತಂದು ಮುಂದಿಟ್ಟಳು. ತಿಂದೆ, ಹಡಗು ಬಂದ ದಿನ ಒಬ್ಬನೇ ಹೊರಟೆ.

ಎರಡು ವರ್ಷದ ಮೇಲೆ ಅವಳು ಜ್ವರದಲ್ಲಿ ತೀರಿಕೊಂಡ ಸುದ್ದಿ ಬಂತು. ಆ ವಾರ ಹಡಗಿರಲಿಲ್ಲ. ಮೈದುನನೇ ತನ್ನ ನೆಲದಲ್ಲಿ ಅವಳಿಗೆ ಆರಡಿ ಕೊಟ್ಟನಂತೆ.