ಮುಚ್ಚಳ ಒತ್ತಿ ನೋಡಿದ ಅತ್ತೆ

ಆ ಬೇಸಿಗೆ ಹಿತ್ತಲಿನ ಟೊಮೆಟೊ ಗಿಡಗಳು ಮೈತುಂಬ ಹಣ್ಣು ಬಿಟ್ಟಿದ್ದವು. ತಿಂದದ್ದಾಯಿತು, ಅಕ್ಕಪಕ್ಕದವರಿಗೆ ಹಂಚಿದ್ದಾಯಿತು, ಇನ್ನೂ ಎರಡು ಬುಟ್ಟಿ ಉಳಿದಿತ್ತು. ಚಳಿಗಾಲದಲ್ಲಿ ಇದೇ ಹಣ್ಣಿಗೆ ಪರದಾಡಬೇಕು. ಮನೆಯಲ್ಲೇ ಬಟ್ಟೆ ಹೊಲಿಯುವ ಸೊಸೆ ಒಂದು ದಿನ ಮಿಷನ್ ಮುಚ್ಚಿಟ್ಟು, ಹಣ್ಣನ್ನೆಲ್ಲ ಬೇಯಿಸಿ ಎಂಟು ಗಾಜಿನ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು ಅಡುಗೆಮನೆಯ ಹಲಗೆಯ ಮೇಲಿಟ್ಟಳು.

ಅಂದಿನಿಂದ ಅತ್ತೆಯ ಕಣ್ಣು ಆ ಹಲಗೆಯ ಮೇಲೇ. ದಿನಕ್ಕೆ ನಾಲ್ಕು ಸಲ ಸ್ಟೂಲ್ ಹತ್ತುವರು. ಬಾಟಲಿಯನ್ನು ಬೆಳಕಿಗೆ ಹಿಡಿಯುವರು, ಮುಚ್ಚಳ ಮೂಸುವರು.

"ಅಮ್ಮಾ, ನೀನು ಪೊಲೀಸ್ ಕೆಲಸಕ್ಕೆ ಸೇರಬೇಕಿತ್ತು," ಎಂದ ಬಸ್ ಓಡಿಸುವ ಮಗ.

"ನನ್ನ ಕೈಮೇಲೆ ನಂಬಿಕೆ ಇಲ್ವಾ ಅತ್ತೆ?" ಎಂದಳು ಸೊಸೆ.

"ನಿನ್ನ ಕೈಮೇಲಿದೆ. ಬಾಟಲಿ ಮೇಲಿಲ್ಲ."

ಮೂರನೇ ವಾರ ಒಂದು ಬಾಟಲಿಯ ಮುಚ್ಚಳ ಉಬ್ಬಿತ್ತು. ಸೊಸೆ ಚಮಚ ತಂದಳು.

"ಒಂದು ಹನಿ ನಾಲಿಗೆಗೆ ಹಾಕಿದ್ರೆ ಕೆಟ್ಟಿದ್ಯೋ ಇಲ್ವೋ ಗೊತ್ತಾಗುತ್ತೆ."

ಅತ್ತೆ ಬಾಟಲಿಯನ್ನೇ ಕಿತ್ತುಕೊಂಡರು. ಮಾತಿಗೆ ಮಾತು ಬೆಳೆಯಿತು. ಅತ್ತೆಯ ಬಿಪಿ ನೋಡಲು ತಿಂಗಳಿಗೊಮ್ಮೆ ಬರುವ ನರ್ಸಕ್ಕ ಒಳಗೆ ಕಾಲಿಟ್ಟದ್ದು ಆಗಲೇ.

"ಸದ್ಯ, ಕಿತ್ಕೊಂಡ್ರಲ್ಲ," ಎಂದರು ನರ್ಸಕ್ಕ. "ಇದರಲ್ಲಿ ಒಂದು ಥರ ವಿಷ ಹುಟ್ಟುತ್ತೆ. ವಾಸನೆ ಇರಲೇಬೇಕು ಅಂತಿಲ್ಲ. ಒಂದು ಹನೀನೇ ಸಾಕು. ತುಂಬುವಾಗ ಏನೇನು ಹಾಕಿದ್ದೆ?"

"ಈರುಳ್ಳಿ, ಎಣ್ಣೆ, ಉಪ್ಪು."

"ನಿಂಬೆರಸ?"

"ಟೊಮೆಟೊನೇ ಹುಳಿ ಅಲ್ವಾ ಅಕ್ಕ?"

"ವಿಷ ತಡೆಯೋಕೆ ಆ ಹುಳಿ ಸಾಲಲ್ಲ. ಈರುಳ್ಳಿ ಸೇರಿದ್ರೆ ಇನ್ನೂ ಕಡಿಮೆ. ಬಾಟಲಿ ತುಂಬಿದ ಮೇಲೆ ನೀರಲ್ಲಿಟ್ಟು ಕುದಿಸಿದ್ಯಾ?"

"ಇಲ್ಲ ಅಕ್ಕ."

"ಹಾಗಾದ್ರೆ ಎಲ್ಲಾ ಎಸೀಬೇಕು."

"ಎಂಟೂ?"

"ಎಂಟೂ. ಮುಚ್ಚಳ ತೆಗೀಬೇಡ. ಚೀಲದಲ್ಲಿ ಕಟ್ಟಿ, ನಾಯಿ ಬೆಕ್ಕಿಗೆ ಸಿಗದ ಹಾಗೆ ಕಸಕ್ಕೆ ಹಾಕು."

ಅತ್ತೆ ಬಾಟಲಿ ಕೆಳಗಿಟ್ಟು ಕುರ್ಚಿಯಲ್ಲಿ ಕೂತರು. "ಮೂವತ್ತು ವರ್ಷದ ಹಿಂದೆ ನಾನೂ ಹೀಗೇ ತುಂಬಿದ್ದೆ. ನನ್ನ ತಂಗಿ ತಿಂದಳು. ರೆಪ್ಪೆ ಜೋತುಬಿತ್ತು, ಮಾತು ತೊದಲ್ತು. ಎರಡು ತಿಂಗಳು ಆಸ್ಪತ್ರೆ. ಬದುಕಿದ್ಲು. ಆದ್ರೆ ಅವತ್ತಿಂದ ನಮ್ಮನೆ ಊಟ ಮುಟ್ಟಿಲ್ಲ."

ಈ ಮಾತು ಮಗನಿಗೂ ಗೊತ್ತಿರಲಿಲ್ಲ. ಸೊಸೆ ಚಮಚ ಕೆಳಗಿಟ್ಟು ಅತ್ತೆಯ ಕೈ ಹಿಡಿದಳು.

"ಮತ್ತೆ ಇದರ ಸಹವಾಸವೇ ಬೇಡ," ಎಂದರು ಅತ್ತೆ.

"ಸರಿಯಾಗಿ ಮಾಡಿದ್ರೆ ಭಯ ಇಲ್ಲಮ್ಮ. ನಾಡಿದ್ದು ಬರ್ತೀನಿ. ನಿಮ್ಮ ಕಣ್ಣೆದುರೇ ಮಾಡೋಣ."

ಹೇಳಿದಂತೆ ಬಂದರು. ಗಿಡಗಳಲ್ಲಿ ಆಮೇಲೆ ಬಿಟ್ಟಿದ್ದ ಹಣ್ಣು ಕಿತ್ತು, ಕೊಳೆತದ್ದು, ಒಡೆದದ್ದು ಆರಿಸಿ ತೆಗೆದರು. ಹಣ್ಣು ತೊಳೆದು, ಬಿಸಿನೀರಲ್ಲಿ ಅದ್ದಿ ಸಿಪ್ಪೆ ಸುಲಿದು, ಹಿಸುಕಿ, ಈರುಳ್ಳಿ ಎಣ್ಣೆ ಹಾಕದೆ ಐದು ನಿಮಿಷ ಕುದಿಸಿದರು. ತೊಳೆದ ಬೇರೆ ಎಂಟು ಬಿಸಿ ಬಾಟಲಿಗಳಿಗೆ, ಅರ್ಧ ಲೀಟರಿಗೆ ಒಂದು ದೊಡ್ಡ ಚಮಚದಂತೆ, ಅಂಗಡಿಯ ಬಾಟಲಿ ನಿಂಬೆರಸ ಹಾಕಿದರು.

"ಹಣ್ಣಿಂದಾನೇ ಹಿಂಡಿದ್ರೆ ಆಗಲ್ವಾ?" ಅತ್ತೆಯ ಅನುಮಾನ.

"ಒಂದೊಂದು ಹಣ್ಣಿನ ಹುಳಿ ಒಂದೊಂದು ಥರ. ಇದರದ್ದು ಯಾವಾಗಲೂ ಒಂದೇ."

ಮೇಲೆ ಅರ್ಧ ಇಂಚು ಬಿಟ್ಟು ತುಂಬಿ, ಹೊಸ ಮುಚ್ಚಳ ಹಾಕಿ, ದೊಡ್ಡ ಪಾತ್ರೆಯ ನೀರಲ್ಲಿ ಪೂರಾ ಮುಳುಗಿಸಿದರು. ನೀರು ಕುದಿಯತೊಡಗಿದ ಮೇಲೆ ಮುಕ್ಕಾಲು ಗಂಟೆ. ಅತ್ತೆ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಮರುದಿನ ಪ್ರತಿ ಮುಚ್ಚಳದ ನಡುವೆ ಬೆರಳೊತ್ತಿ ನೋಡಿದರು. ಏಳು ಅಲುಗಲಿಲ್ಲ. ಒಂದು ಮಾತ್ರ ಬಿಗಿಯಾಗಿ ಕೂತಿರಲಿಲ್ಲ, ಒತ್ತಿದರೆ ಇಳಿದು ಮತ್ತೆ ಮೇಲೆದ್ದಿತು. ಅದನ್ನು ಫ್ರಿಜ್ಜಿಗೆ ಇಟ್ಟು ಆ ವಾರವೇ ಬಳಸಿದರು.

ಚಳಿಗಾಲದ ಒಂದು ಮಧ್ಯಾಹ್ನ ಅತ್ತೆ ತಂಗಿಗೆ ಫೋನ್ ಮಾಡಿ ಎಲ್ಲ ಹೇಳಿದರು. ತಂಗಿ ಬಂದಳು. ಬಾಟಲಿ ಕೇಳಿ ಇಸಿದುಕೊಂಡು ಮುಚ್ಚಳವನ್ನು ತಾನೇ ಒತ್ತಿ ನೋಡಿದಳು. ಸೊಸೆ ಅದರದ್ದೇ ಬಿಸಿ ಬಿಸಿ ಸಾರು ಮಾಡಿ ಬಡಿಸಿದಳು. ತಂಗಿ ತಟ್ಟೆಯನ್ನು ಸ್ವಲ್ಪ ಹೊತ್ತು ನೋಡುತ್ತ ಕೂತು, ಆಮೇಲೆ ತಿಂದಳು.

"ಇನ್ನೊಂಚೂರು ಹಾಕಕ್ಕ," ಎಂದಳು.

ಅತ್ತೆ ಸೊಸೆಯ ಕೈಯಿಂದ ಸೌಟು ತೆಗೆದುಕೊಂಡು ತಾವೇ ಬಡಿಸಿದರು.

ಅಕ್ಕ ತಂಗಿಯರೇ, ಈ ಬೇಸಿಗೆ ನೀವೂ ಟೊಮೆಟೊ ಕಾಪಿಡಿ. ನಿಂಬೆರಸ ಮರೆಯಬೇಡಿ, ಕುದಿಸುವ ಹೊತ್ತು ಕಡಿಮೆ ಮಾಡಬೇಡಿ. ಎತ್ತರದ ಬೆಟ್ಟದ ಊರಿನವರು ಇನ್ನೂ ಎಷ್ಟು ಹೊತ್ತು ಬೇಕೆಂದು ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ. ಮುಚ್ಚಳ ಉಬ್ಬಿದ್ದರೆ, ಸೋರಿದ್ದರೆ, ಮನಸ್ಸಿಗೆ ಎಳ್ಳಷ್ಟು ಅನುಮಾನ ಬಂದರೂ ರುಚಿ ನೋಡದೆ ಎಸೆಯಿರಿ. ಟೊಮೆಟೊ ಮುಂದಿನ ವರ್ಷವೂ ಬೆಳೆಯುತ್ತದೆ.